ಟ್ಯಾಂಕಿಗೆ ಕೋಡಿ ಎಲ್ಲಿದೆ?

2021ರ ನವೆಂಬರ್ ಮಳೆಗೆ ಕೋಲಾರ ಸೀಮೆಯ ಕೆರೆಗಳು ತುಂಬಿದಾಗ ಅಣ್ಣ ಫೋನ್ ಮಾಡಿದ: ‘ಕೆರೆ ಕೋಡಿ ಹರಿಯುತ್ತಿದೆ, ಬಂದು ನೋಡಿ ಹೋಗು.’ ಅಹಮದಾಬಾದಿನಲ್ಲೇ ಬೆಳೆದ ಮಗಳಿಗೆ ನಾನು ‘ಊರಿನ ಟ್ಯಾಂಕ್ ತುಂಬಿ ಹರಿಯುತ್ತಿದೆಯಂತೆ’ ಎಂದೆ. ‘ದೊಡ್ಡಪ್ಪ ಮೋಟಾರ್ ನಿಲ್ಲಿಸಲಿಲ್ಲವೇ?’ ಎಂದು ಕೇಳಿದಳು. ತಪ್ಪು ಅವಳದಲ್ಲ, ನಾನು ಆಡಿದ ಪದದ್ದು.

ನಾನಿರುವ ಅಹಮದಾಬಾದಿನ ಹಳೆಯ ಪೋಳ್‌ಗಳಲ್ಲಿ, ಅಂದರೆ ಒತ್ತೊತ್ತು ಮನೆಗಳ ಕೇರಿಗಳಲ್ಲಿ, ಮನೆಯಂಗಳದ ಅಡಿಗೆ ಮಳೆನೀರು ಹಿಡಿದಿಡುವ ತೊಟ್ಟಿ ‘ಟಾಂಕಾ’ ಇರುತ್ತದೆ. ಪರಿಚಯದ ಅಜ್ಜಿಯೊಬ್ಬರು ಮುಚ್ಚಳ ಸರಿಸಿ, ಹಗ್ಗ ಕಟ್ಟಿದ ತಾಮ್ರದ ಬಿಂದಿಗೆ ಇಳಿಬಿಟ್ಟು, ಹಿಂದಿನ ಮಳೆಗಾಲದ ನೀರನ್ನು ಸೇದಿ ಕುಡಿಯಲು ಕೊಟ್ಟರು. ತಣ್ಣಗೆ, ತಿಳಿಯಾಗಿತ್ತು. ಇಂಗ್ಲಿಷಿನ ಟ್ಯಾಂಕ್ ಈ ಕಡೆಯ ಮಾತು ಪೋರ್ಚುಗೀಸರ ‘ಟಾಂಕೆ’ಯೊಡನೆ ಬೆರೆತು ಹುಟ್ಟಿದ್ದೆಂದು ನಿಘಂಟುಗಳು ಹೇಳುತ್ತವೆ. 1916ರಲ್ಲಿ ಬ್ರಿಟಿಷರು ಹೊಸ ಯುದ್ಧವಾಹನದ ಗುಟ್ಟು ಕಾಯಲು ಅದನ್ನೂ ನೀರಿನ ತೊಟ್ಟಿ ಎಂದೇ ಹೇಳಿಕೊಂಡರು, ಹೆಸರು ಅಂಟಿತು.

ತೊಟ್ಟಿಗೆ ಆ ಹೆಸರು ಸರಿ. ಬ್ರಿಟಿಷರ ಕಾಲದ ಕಡತಗಳು ನಮ್ಮ ಕೆರೆಗೂ ಅದನ್ನೇ ಹೊದಿಸಿದವು, ನಾವೂ ಒಪ್ಪಿಕೊಂಡೆವು. ನನಗೆ ಇದು ಸಂಕಟ. ಟಾಂಕಾ ಒಂದು ಮನೆಯದು, ಮುಚ್ಚಿಟ್ಟಷ್ಟೂ ಒಳ್ಳೆಯದು. ಕೆರೆ ಊರಿನದು. ಅದಕ್ಕೆ ನೀರು ತಡೆಯುವ ಏರಿ ಇದೆ, ಗದ್ದೆಗೆ ನೀರು ಬಿಡುವ ತೂಬಿದೆ, ಹೆಚ್ಚಾದದ್ದು ಹರಿದುಹೋಗುವ ಕೋಡಿ ಇದೆ, ಅದರ ನೀರುಣ್ಣುವ ಗದ್ದೆಗಳ ಅಚ್ಚುಕಟ್ಟಿದೆ. ಇವೆಲ್ಲಕ್ಕೂ ಒಬ್ಬ ನೀರುಗಂಟಿ ಇದ್ದ. ನಮ್ಮೂರ ನೀರುಗಂಟಿ ಸನಿಕೆ ಹಿಡಿದು ಕಾಲುವೆಯಲ್ಲಿ ನಿಂತಿರುತ್ತಿದ್ದ. ಒಂದು ಗದ್ದೆ ನೆನೆದ ಕೂಡಲೇ ಎರಡು ಹೆಂಟೆ ಮಣ್ಣು ಎಳೆದು ಮಡೆ ಕಟ್ಟಿ, ಪಕ್ಕದ ಗದ್ದೆಗೆ ನೀರು ತಿರುಗಿಸುತ್ತಿದ್ದ. ಗೌಡರ ಗದ್ದೆಯಾದರೂ ಸರದಿ ಮುರಿಯುತ್ತಿರಲಿಲ್ಲ. ಸುಗ್ಗಿಯಲ್ಲಿ ಅವನ ಪಾಲು ಕಣದಲ್ಲೇ ಸಲ್ಲುತ್ತಿತ್ತು.

ಊರಿಗೆ ಹೋದೆವು. ಹೆಂಗಸರು ಗಂಗಮ್ಮನಿಗೆ ಅರಿಶಿನ ಕುಂಕುಮ ಏರಿಸುತ್ತಿದ್ದರು. ಕೋಡಿಯ ನೀರಿನಲ್ಲಿ ಕಾಲಿಟ್ಟು ನಿಂತ ಮಗಳು, ಇಷ್ಟೆಲ್ಲ ನೀರು ವ್ಯರ್ಥವಲ್ಲವೇ ಎಂದಳು. ಕೆಳಗಿನ ಊರಿನವರು ಇದಕ್ಕೇ ಕಾಯುತ್ತಿದ್ದಾರೆ ಎಂದು ಅಣ್ಣ ಕೈ ತೋರಿಸಿದ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಕೆರೆಯಿಂದ ಕೆರೆಗೆ ಹೀಗೆ ಬದುಕಿದೆ.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಟ್ಯಾಂಕ್ ಎಂದುಕೊಂಡವರಿಗೆ ನೀರು ತುಂಬಿದರೆ ಕೆಲಸ ಮುಗಿಯಿತು. ಕೆರೆ ಎಂದುಕೊಂಡವರು ನೀರನ್ನು ಇನ್ನಷ್ಟು ಶುದ್ಧಗೊಳಿಸುವ ಮೂರನೇ ಹಂತದ ಸಂಸ್ಕರಣೆಯೂ ಆಗಲಿ ಎಂದು ಕೇಳುತ್ತಿದ್ದಾರೆ. ಕೆರೆಯಲ್ಲಿ ನಿಂತದ್ದು ನಾಳೆ ಇಳಿಯುವುದು ಅವರ ಕೊಳವೆಬಾವಿಗೇ.