ಟ್ರ್ಯಾಕ್ಟರಿನ ಹಿಂದಕ್ಕೂ ಒಮ್ಮೆ ಬನ್ನಿ

ನಿನ್ನೆ ಇಂಗ್ಲೆಂಡಿನ ಲಿಂಕನ್‌ಷೈರಿನ ಹೊಲವೊಂದರಲ್ಲಿ ನಡೆದ ಹಳೆಯ ಟ್ರ್ಯಾಕ್ಟರುಗಳ ಮೇಳಕ್ಕೆ ಹೋಗಿ, ಖುಷಿಯನ್ನೂ ಸಿಟ್ಟನ್ನೂ ಒಟ್ಟಿಗೇ ಹೊತ್ತುಕೊಂಡು ಬಂದಿದ್ದೇನೆ. ಹಾಸನದ ಆಲೂಗಡ್ಡೆ ಹೊಲ ಬಿಟ್ಟು ಬಂದವನಿಗೆ ಇಲ್ಲಿಯೂ ಆಲೂಗಡ್ಡೆ ಹೊಲವೇ ಬೇಕಾಯಿತೇ ಎಂದು ನಗುವವರು ನಗಲಿ.

ಸಾಲಾಗಿ ನಿಂತಿದ್ದ ನಲವತ್ತು ಚಿಲ್ಲರೆ ಟ್ರ್ಯಾಕ್ಟರುಗಳಲ್ಲಿ ಒಂದೇ ಒಂದು, ಬೂದು ಬಣ್ಣದ ಫರ್ಗುಸನ್ ಟಿಇ20, ಆಲೂಗಡ್ಡೆ ಕೀಳುವ ಸ್ಪಿನ್ನರನ್ನು ಹಿಂದೆ ಕಟ್ಟಿಕೊಂಡು ನಿಜವಾಗಿಯೂ ಮಣ್ಣಿಗಿಳಿಯಿತು. ಅಗಲವಾದ ಗುಳ ದಿಂಡಿನ ಅಡಿಗೆ ಹೊಕ್ಕು ಮಣ್ಣನ್ನು ಎಬ್ಬಿಸಿದಂತೆಲ್ಲ, ಅದರ ಬೆನ್ನಿಗೇ ಪಿಟಿಒ, ಅಂದರೆ ಎಂಜಿನ್ನಿನ ಬಲವನ್ನು ಉಪಕರಣಕ್ಕೆ ಮುಟ್ಟಿಸುವ ತಿರುಗುದಂಡದ ಬಲದಿಂದ ಗಿರಗಿರನೆ ತಿರುಗುತ್ತಿದ್ದ ಕಬ್ಬಿಣದ ಕವಲುಗಳು ಮಣ್ಣು, ಒಣಗಿದ ಗಿಡ, ಗೆಡ್ಡೆ ಎಲ್ಲವನ್ನೂ ಪಕ್ಕಕ್ಕೆ ಎರಚಿದವು. ಇಳಿಬಿಟ್ಟ ಬಲೆಗೆ ಪಟಪಟನೆ ಬಡಿದ ಗೆಡ್ಡೆಗಳು ಉದ್ದಕ್ಕೆ ಪಟ್ಟಿಯಾಗಿ ಬಿದ್ದವು. ಆ ಹಸಿಮಣ್ಣಿನ ವಾಸನೆಗೆ ನಾನು ಐದು ನಿಮಿಷ ಮಾತು ಮರೆತು ನಿಂತಿದ್ದೆ.

ಸಿಟ್ಟು ಬಂದದ್ದು ಜನರನ್ನು ನೋಡಿ. ಎಲ್ಲರೂ ಮುಂದೆ ನಿಂತು ಬಾನೆಟ್ಟಿನ ಫೋಟೊ ತೆಗೆಯುತ್ತಿದ್ದರು; ಹಿಂದಕ್ಕೆ ಬಂದವರು ನಾನು ಮತ್ತು ಒಂದು ನಾಯಿ. ಉಳಿದ ಟ್ರ್ಯಾಕ್ಟರುಗಳೋ, ಮದುವೆ ಗಂಡಿನಂತೆ ಬಣ್ಣ ಬಳಿದುಕೊಂಡು, ಹಿಂಬದಿ ಬೋಳಾಗಿ ನಿಂತಿದ್ದವು. ಹ್ಯಾರಿ ಫರ್ಗುಸನ್ ಎಂಬಾತ ಜೀವಮಾನವಿಡೀ ಬಡಿದಾಡಿದ್ದೇ ಆ ಹಿಂಬದಿಗಾಗಿ ಅಲ್ಲವೇ? ನೇಗಿಲು ಕಲ್ಲಿಗೆ ಸಿಕ್ಕಿದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನನ್ನೇ ಕೊಲ್ಲುತ್ತಿದ್ದ ಕಾಲದಲ್ಲಿ, ಕೆಳಗಿನ ಎರಡು ತೋಳು ಮತ್ತು ಮೇಲಿನ ಒಂದು ಟಾಪ್ ಲಿಂಕಿನಿಂದ ಉಪಕರಣವನ್ನು ಟ್ರ್ಯಾಕ್ಟರಿಗೇ ಕೂಡಿಸಿ, ಹೈಡ್ರಾಲಿಕ್ಕಿನಿಂದ, ಅಂದರೆ ಎಣ್ಣೆಯ ಒತ್ತಡದಿಂದ, ಅದನ್ನು ಎತ್ತಿಳಿಸುವಂತೆ ಮಾಡಿ, ಎರಡೂ ಸೇರಿ ಒಂದೇ ಯಂತ್ರ ಎಂದು ತೋರಿಸಿದವನು ಆತ. 1946ರಿಂದ 1956ರವರೆಗೆ ಕಾವೆಂಟ್ರಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಟಿಇ20ಗಳು ತಯಾರಾದದ್ದು ಮೂತಿಯ ಚೆಂದಕ್ಕಲ್ಲ.

ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1958ರಲ್ಲಿ ಇದೇ ಮಾದರಿಯ ಟ್ರ್ಯಾಕ್ಟರಿನಲ್ಲಿ ದಕ್ಷಿಣ ಧ್ರುವ ಮುಟ್ಟಿದ ಕತೆಯನ್ನು ನಿನ್ನೆ ಮೂವರು ನನಗೆ ಹೇಳಿದರು. ಸ್ಪಿನ್ನರ್ ಮುಂದಿನ ಸಾಲಿಗೆ ಬರುವುದರೊಳಗೆ ಬುಟ್ಟಿ ಹಿಡಿದು, ಸೊಂಟ ಬಗ್ಗಿಸಿ, ಬಿದ್ದ ಗೆಡ್ಡೆಗಳನ್ನೆಲ್ಲ ಆಯ್ದು ದಾರಿ ತೆರವು ಮಾಡಬೇಕಿದ್ದ ಹೆಂಗಸರು, ಮಕ್ಕಳ ಕತೆಯನ್ನು ಒಬ್ಬರೂ ಎತ್ತಲಿಲ್ಲ. ಸ್ಕಾಟ್ಲೆಂಡಿನಲ್ಲಿ ಅಕ್ಟೋಬರಿನ ಶಾಲಾ ರಜೆಗೆ ಇಂದಿಗೂ ‘ಟ್ಯಾಟಿ ಹಾಲಿಡೇ’ ಎನ್ನುತ್ತಾರೆ; ಆಲೂಗಡ್ಡೆ ಆಯಲೆಂದೇ ಕೊಡುತ್ತಿದ್ದ ರಜೆ ಅದು.

ಉಪಕರಣ ತುಕ್ಕು ಹಿಡಿಯುತ್ತದೆ, ಜಾಗ ತಿನ್ನುತ್ತದೆ, ಅಲ್ಲದೆ ಸ್ಪಿನ್ನರ್ ಗೆಡ್ಡೆಗಳನ್ನು ಜಜ್ಜುತ್ತಿತ್ತು, ಅದನ್ನೇಕೆ ಉಳಿಸಿಕೊಳ್ಳಬೇಕು ಎಂದು ಒಬ್ಬ ಹಿರಿಯರು ವಾದಿಸಿದರು. ಜಜ್ಜುತ್ತಿದ್ದುದು ನಿಜ. ಆದರೆ ಮೂವತ್ತು ಅಶ್ವಶಕ್ತಿಯೂ ಇಲ್ಲದ ಆ ಟ್ರ್ಯಾಕ್ಟರನ್ನು ಇಂದು ಯಾರು ಉಳುಮೆಗೆ ಇಳಿಸುತ್ತಾರೆ, ಸ್ವಾಮಿ? ಕೆಲಸಕ್ಕೆ ಬಾರದ್ದನ್ನೆಲ್ಲ ಬಿಸಾಡುವುದೇ ನಿಯಮವಾದರೆ ಮೇಳವೇ ಬೇಡ. ಉಳಿಸುವುದಾದರೆ ಅರ್ಧ ಯಂತ್ರವನ್ನು ಉಳಿಸಿ ಬೀಗುವುದು ಯಾವ ನ್ಯಾಯ?

ಇಷ್ಟೆಲ್ಲ ಬರೆಯುವ ಯೋಗ್ಯತೆ ನನಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲೂ ಅಪ್ಪ ಹಳೆಯದೊಂದು ಮ್ಯಾಸಿ ಫರ್ಗುಸನ್ನಿಗೆ ಕಟ್ಟುತ್ತಿದ್ದ ಆಲೂಗಡ್ಡೆ ಕೀಳುವ ಯಂತ್ರವೊಂದಿತ್ತು. ಅಂಗಮಾರಿ ರೋಗ ಮೇಲಿಂದ ಮೇಲೆ ಬಂದು, ನಾವೂ ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳಕ್ಕೆ ತಿರುಗಿದ ವರ್ಷ, ಅದನ್ನು ಗುಜರಿಯವನಿಗೆ ಕೆಜಿ ಲೆಕ್ಕದಲ್ಲಿ ತೂಗಿ ಕೊಟ್ಟವನು ನಾನೇ. ಅಪ್ಪ ಆಗ ಏನೂ ಅನ್ನಲಿಲ್ಲ. ತೂಕ ಮುಗಿಯುವವರೆಗೂ ಹೊರಗೆ ಬರಲೂ ಇಲ್ಲ. ಟ್ರ್ಯಾಕ್ಟರನ್ನು ಮಾತ್ರ ಇಟ್ಟುಕೊಂಡೆವು, ಪ್ರತಿ ಆಯುಧಪೂಜೆಗೆ ಹೂವಿನ ಹಾರ ಹಾಕುತ್ತೇವೆ.

ರಾತ್ರಿ ಅಣ್ಣನಿಗೆ ಫೋನ್ ಮಾಡಿ ಆ ಯಂತ್ರದ್ದೇನಾದರೂ ಉಳಿದಿದೆಯೇ ಎಂದು ಕೇಳಿದೆ. “ಅದರ ಗುಳ ಒಂದು ಕೊಟ್ಟಿಗೆ ಬಾಗಿಲಿಗೆ ಒತ್ತು ಕೊಟ್ಟಿದ್ದೀವಿ ಕಣೋ, ಯಾಕೆ?” ಎಂದ. ಫೋಟೊ ಕಳಿಸು ಎಂದೆ. ಬೆಳಿಗ್ಗೆ ಎದ್ದು ನೋಡಿದರೆ, ಟ್ರ್ಯಾಕ್ಟರಿನದೇ ನಾಲ್ಕು ಫೋಟೊ ಕಳಿಸಿದ್ದಾನೆ, ನಾಲ್ಕೂ ಮುಂದಿನಿಂದ ತೆಗೆದವು.