ಬಿಲ್ ಹಿಕ್ಸ್ ಅವರಿಗೆ ತಡವಾಗಿ ಸಂದ ಕ್ಷಮೆ
ಅಮೆರಿಕದ ವೇದಿಕೆ ಹಾಸ್ಯಗಾರ ಬಿಲ್ ಹಿಕ್ಸ್ ಅವರನ್ನು, ಅವರ ಕುರಿತು ನಾನು ಓದಿದ ಲೇಖನವೊಂದು ಬರೀ ಸಿಟ್ಟಿನ ಹಾಸ್ಯಗಾರನೆಂದು ಚಿತ್ರಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಆ ಸಿಟ್ಟಿನ ಹಿಂದಿದ್ದ ಧೈರ್ಯವನ್ನೂ ಹೇಳಬೇಕಿತ್ತು. ಹದಿಹರೆಯದಲ್ಲೇ ಹ್ಯೂಸ್ಟನ್‌ನಲ್ಲಿ ವೇದಿಕೆ ಏರಿದ ಅವರು, 1993ರ ಜೂನ್‌ನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾದ ಮೇಲೂ, ಕೀಮೋಥೆರಪಿಯ ನಡುವೆಯೇ, ಹೆಚ್ಚಿನವರಿಗೆ ಸುಳಿವು ಕೊಡದೆ ಪ್ರದರ್ಶನಗಳನ್ನು ಮುಂದುವರಿಸಿದರು. ಆ ವರ್ಷದ ಅಕ್ಟೋಬರ್ 1ರಂದು ಟಿವಿ ನಿರೂಪಕ ಡೇವಿಡ್ ಲೆಟರ್‌ಮನ್ ಅವರ ಕಾರ್ಯಕ್ರಮಕ್ಕಾಗಿ ಚಿತ್ರೀಕರಿಸಿದ ಅವರ ಇಡೀ ಭಾಗವನ್ನು, ಧರ್ಮ ಮತ್ತು ಗರ್ಭಪಾತ ವಿರೋಧಿಗಳ ಕುರಿತ ಮಾತುಗಳಿದ್ದ ಕಾರಣಕ್ಕೆ, ಪ್ರಸಾರಕ್ಕೆ ಮೊದಲೇ ಕತ್ತರಿಸಿ ಹಾಕಲಾಯಿತು. 1994ರ ಫೆಬ್ರವರಿ 26ರಂದು, ಕೇವಲ 32ರ ವಯಸ್ಸಿನಲ್ಲಿ, ಅಮೆರಿಕದ ಲಿಟಲ್ ರಾಕ್ ನಗರದಲ್ಲಿದ್ದ ಹೆತ್ತವರ ಮನೆಯಲ್ಲಿ ಅವರು ತೀರಿಕೊಂಡರು. 2009ರ ಜನವರಿಯಲ್ಲಿ ಲೆಟರ್‌ಮನ್ ಅವರು ಹಿಕ್ಸ್ ಅವರ ತಾಯಿಯನ್ನು ಸ್ಟುಡಿಯೊಗೆ ಕರೆಸಿ, ಕ್ಷಮೆ ಕೇಳಿ, ಆ ತುಣುಕನ್ನು ಪೂರ್ತಿಯಾಗಿ ಪ್ರಸಾರ ಮಾಡಿದ್ದು ದೊಡ್ಡತನವೇ ಹೌದು, ಆದರೆ ಆ ಮಾತು ಸಲ್ಲಬೇಕಿದ್ದುದು ಬದುಕಿದ್ದ ಮಗನಿಗೆ.