ಬೆಕ್ಕು ಊಟ ಬಿಟ್ಟರೆ ಅದು ಉಪವಾಸ ಅಲ್ಲ

ಹುಬ್ಬಳ್ಳಿಯ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೆ ಮತ್ತೆ ಅದೇ ಮೆಸೇಜ್ ಬಂದಿದೆ: "ಬೆಕ್ಕು ಊಟ ಬಿಟ್ಟರೆ ಹೆದರಬೇಡಿ. ಮೂರು ದಿನ ಉಪವಾಸವಿದ್ದು ತಾನೇ ಹುಷಾರಾಗುತ್ತದೆ. ಮೈ ಬಿಸಿ ಇದ್ದರೆ ಅರ್ಧ ಪ್ಯಾರಾಸಿಟಮಾಲ್ ಕೊಡಿ."

ಎರಡೂ ತಪ್ಪು. ಎರಡನೆಯದಂತೂ ಜೀವ ತೆಗೆಯುವಂಥದ್ದು. ಆ ಗುಳಿಗೆಯನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತ ಆಮ್ಲಜನಕ ಹೊರಲಾಗದೆ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದಿಕೊಳ್ಳುತ್ತದೆ. ಈಗಾಗಲೇ ಕೊಟ್ಟಿದ್ದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ಗುಳಿಗೆಯ ಸ್ಟ್ರಿಪ್ ಹಿಡಿದುಕೊಂಡೇ ಪಶುವೈದ್ಯರ ಹತ್ತಿರ ಹೋಗಿ.

ಇನ್ನು ಉಪವಾಸ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಲಿವರ್‌ನಲ್ಲಿ ತುಂಬಿಕೊಳ್ಳಬಹುದು. ದಪ್ಪ ಬೆಕ್ಕಿಗೆ ಈ ಅಪಾಯ ಜಾಸ್ತಿ. 24 ಗಂಟೆ ಊಟ ಮುಟ್ಟದಿದ್ದರೆ ತೋರಿಸಿಬಿಡಿ. ಮರಿಗಳಿಗೆ ಅಷ್ಟೂ ಕಾಯಬಾರದು.

ಗಂಡು ಬೆಕ್ಕು ಸಾಕಿದವರು ಇದನ್ನು ನೆನಪಿಡಿ. ನಮ್ಮ ಬೆಕ್ಕು ಒಂದು ರಾತ್ರಿ ಮರಳಿನ ಟ್ರೇಗೆ ಹೋಗಿ ಹೋಗಿ ಕೂರುತ್ತಿತ್ತು, ತಿಣುಕುತ್ತಿತ್ತು, ಸಣ್ಣಗೆ ಅಳುತ್ತಿತ್ತು. ಮಲಬದ್ಧತೆ ಇರಬೇಕು ಅಂದುಕೊಂಡೆವು. ಮರಳು ಮುಟ್ಟಿ ನೋಡಿದರೆ ಪೂರ್ತಿ ಒಣ. ಮೂತ್ರ ಕಟ್ಟಿತ್ತು! ಇದನ್ನು ಹಾಗೇ ಬಿಟ್ಟರೆ ಒಂದೆರಡು ದಿನದಲ್ಲೇ ಬೆಕ್ಕು ಸಾಯಬಹುದು. ರಾತ್ರಿಯಾದರೂ ಸರಿ, ಪಶುವೈದ್ಯರಿಗೆ ಫೋನ್ ಮಾಡಿ ಹೊರಡಿ.

ಬಾಯಿ ತೆರೆದು ಏದುಸಿರು ಬಿಡುವುದು, ಒಸಡು ಬಿಳಿಚುವುದು, ಫಿಟ್ಸ್, ಇದ್ದಕ್ಕಿದ್ದಂತೆ ಹಿಂಗಾಲು ಎಳೆಯುವುದು, ಇವಕ್ಕೂ ಕಾಯುವಂತಿಲ್ಲ. ಮಲಗಿದ್ದಾಗ ಎದೆ ನೋಡಿ ಉಸಿರು ಎಣಿಸಿ. ನಿಮಿಷಕ್ಕೆ 30ಕ್ಕಿಂತ ಜಾಸ್ತಿಯೇ ಇದ್ದರೆ ಪಶುವೈದ್ಯರಿಗೆ ಹೇಳಿ.

ಒಂದು ಸಲ ವಾಂತಿ ಮಾಡಿ, ಆಮೇಲೆ ಎಂದಿನಂತೆ ತಿಂದು ಆಡುತ್ತಿದ್ದರೆ ಅಷ್ಟು ಗಾಬರಿ ಬೇಡ. ಒಂದು ದಿನ ಕಣ್ಣಿಟ್ಟಿರಿ, ಸಾಕು.